ಬೀರುವಿನ ರೇಷ್ಮೆ ಸೀರೆಯಲ್ಲೂ ತಾರಸಿಯ ಸಬ್ಬಸಿಗೆ ಹೂವಿನಲ್ಲೂ ಇರುವುದು ಒಂದೇ ಹುಳುವೇ?

ಜಯನಗರದ ತಾರಸಿ

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಉಡಬೇಕೆಂದು ಅಮ್ಮನ ಹಳೆಯ ಮೈಸೂರು ರೇಷ್ಮೆ ಸೀರೆಯನ್ನು ಬೀರುವಿನಿಂದ ತೆಗೆದೆ. ಮಡಿಕೆ ಬಿಚ್ಚಿದಾಗ ಸೆರಗಿನ ಬಳಿ, ಜರಿಯಂಚಿನಿಂದ ಒಂದು ಗೇಣು ಒಳಗೆ, ಸಾಸಿವೆ ಕಾಳಿನ ಗಾತ್ರದ ಏಳು ತೂತುಗಳು ಕಂಡವು. ಮಡಿಕೆಯ ಸಂದಿನಲ್ಲಿ ಅಕ್ಕಿ ಕಾಳಿಗಿಂತ ಚಿಕ್ಕದಾದ, ಮೈತುಂಬ ರೋಮವಿರುವ, ಕಂದು ಪಟ್ಟೆಗಳ ಎರಡು ಹುಳುಗಳು ನಿಧಾನವಾಗಿ ಹರಿಯುತ್ತಿದ್ದವು. ಅವುಗಳ ಸುತ್ತ ಅದೇ ಆಕಾರದ, ಒಳಗೇನೂ ಇಲ್ಲದ ಪೊರೆಗಳು ಹತ್ತಾರು ಬಿದ್ದಿದ್ದವು.

ಹುಳು ನಿವಾರಣೆಗೆಂದು ಒಬ್ಬರನ್ನು ಕರೆಸಿದೆವು. ಯಾವ ಸಂಸ್ಥೆಯವರೆಂದು ಇಲ್ಲಿ ಬರೆಯುವುದಿಲ್ಲ. ಅವರು ಬೀರುವಿನ ಹಿಂದೆ ಟಾರ್ಚ್ ಕೂಡ ಬಿಡದೆ ನೇರವಾಗಿ ತಾರಸಿಗೆ ಹೋದರು. ಬೀಜಕ್ಕೆಂದು ಬಿಟ್ಟಿರುವ ಸಬ್ಬಸಿಗೆ ಮತ್ತು ಕೊತ್ತಂಬರಿಯ ಹೂಗೊಂಚಲುಗಳ ಮೇಲೆ ಎಳ್ಳಿನಷ್ಟು ಚಿಕ್ಕದಾದ, ದುಂಡನೆಯ, ಬಿಳಿ, ಕಂದು, ಹಳದಿ ಚಿತ್ತಾರದ ದುಂಬಿಗಳು ಕುಳಿತಿದ್ದವು. ಅವುಗಳನ್ನು ತೋರಿಸಿ, "ಸೀರೆ ತಿಂದವು ಇವೇ, ಮೂಲ ಇಲ್ಲಿದೆ" ಎಂದರು. ಮೂವತ್ತು ಕುಂಡಗಳಿಗೂ ಔಷಧಿ ಹೊಡೆಯಲು 3,500 ರೂಪಾಯಿ ಕೇಳಿದ್ದಾರೆ. ಆ ರೋಮದ ಹುಳುವಿಗೂ ಈ ಚೆಂದದ ದುಂಬಿಗೂ ಏನು ಸಂಬಂಧ? ಹೂವಿನ ಮೇಲೆ ಕೂರುವ ಜೀವಿ ರೇಷ್ಮೆಯನ್ನೇಕೆ ತಿನ್ನುತ್ತದೆ? ತಿಳಿದವರು ದಯವಿಟ್ಟು ಹೇಳಿ; ಅವರು ಬುಧವಾರ ಮತ್ತೆ ಬರುತ್ತಾರಂತೆ.

ಹೆಬ್ಬಾಳ ಸೇತುವೆ

ಯಾವ ಸಂಬಂಧವೂ ಇಲ್ಲ. ಹೂವಿನ ಮೇಲಿರುವುದು ಗುಲಗಂಜಿ ಹುಳುವಿನ ಜಾತಿ, ಬಟ್ಟೆಯಲ್ಲಿರುವುದು ಪತಂಗದ ಮರಿ. ಹಣ ಕೀಳಲು ಕಟ್ಟಿದ ಕಥೆ ಇದು.

ಕೀಟಪೆಟ್ಟಿಗೆ

ಹೆಬ್ಬಾಳದವರು ಅವಸರಪಟ್ಟಿರಿ. ಬಂದವರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ವಿವರಣೆಯಿಂದ ತಿಳಿಯುವ ಮಟ್ಟಿಗೆ ಎರಡೂ ಒಂದೇ ಕುಲದ ಜೀವಿಗಳು, ಆಂತ್ರೀನಸ್ ಎಂಬ ದುಂಬಿಯ ಬಾಲ್ಯ ಮತ್ತು ಪ್ರಾಯ. ಇವು ಡರ್ಮೆಸ್ಟಿಡೀ ಎಂಬ ಕುಟುಂಬಕ್ಕೆ ಸೇರುತ್ತವೆ. ಬೆಳೆದ ದುಂಬಿ 2ರಿಂದ 3 ಮಿಲಿಮೀಟರ್ ಉದ್ದವಿದ್ದು, ಅದರ ಮೈಮೇಲಿನ ಚಿತ್ತಾರವು ಚಿಟ್ಟೆಯ ರೆಕ್ಕೆಯಲ್ಲಿರುವಂತೆ ಸಣ್ಣ ಸಣ್ಣ ಶಲ್ಕಗಳಿಂದ ಆದದ್ದು. ಬೆರಳಿನಿಂದ ಉಜ್ಜಿದರೆ ಚಿತ್ತಾರ ಅಳಿಸಿಹೋಗಿ ಕೆಳಗಿನ ಕಪ್ಪು ಮೈ ಕಾಣುತ್ತದೆ. ದುಂಬಿಗೆ ಬೇಕಾದದ್ದು ಪರಾಗ ಮತ್ತು ಮಕರಂದ ಮಾತ್ರ. ಅದು ಬಟ್ಟೆಯನ್ನು ಮೂಸಿಯೂ ನೋಡುವುದಿಲ್ಲ.

ತಿನ್ನುವುದು ಮರಿಹುಳು. ಹೆಣ್ಣು ಸುಮಾರು 40 ಮೊಟ್ಟೆಗಳನ್ನು ಹಕ್ಕಿಯ ಹಳೆಯ ಗೂಡು, ಜೇಡರ ಬಲೆ, ಸತ್ತ ಕೀಟಗಳ ರಾಶಿ, ಉಣ್ಣೆ, ಗರಿ ಮುಂತಾದ ಒಣ ಪ್ರಾಣಿಜನ್ಯ ವಸ್ತುಗಳಿರುವ ಕಡೆ ಇಡುತ್ತದೆ. ಎರಡು ಮೂರು ವಾರಗಳಲ್ಲಿ ಹೊರಬರುವ ಮರಿ ತಿಂಗಳುಗಟ್ಟಲೆ, ಚಳಿ ದೇಶಗಳಲ್ಲಿ ಒಂದರಿಂದ ಎರಡು ವರ್ಷ, ಕತ್ತಲಲ್ಲಿ ಕುಳಿತು ತಿನ್ನುತ್ತದೆ ಮತ್ತು ಬೆಳೆದಂತೆಲ್ಲ ಪೊರೆ ಕಳಚುತ್ತದೆ. ನೀವು ಕಂಡ ಹತ್ತಾರು ಪೊರೆಗಳೆಂದರೆ ಹತ್ತಾರು ಹುಳುಗಳೆಂದು ಗಾಬರಿಯಾಗಬೇಡಿ, ಅಷ್ಟನ್ನೂ ಎರಡು ಮೂರು ಹುಳುಗಳೇ ಬಿಟ್ಟಿರಬಹುದು. ಕೊನೆಯ ಪೊರೆಯೊಳಗೇ ಅದು ಕೋಶಾವಸ್ಥೆಗೆ, ಅಂದರೆ ಮರಿ ದುಂಬಿಯಾಗಿ ಮಾರ್ಪಡುವ ಹಂತಕ್ಕೆ ಹೋಗಿ, ದುಂಬಿಯಾದ ಮೇಲೂ ಕೆಲವು ದಿನ ಅದರೊಳಗೇ ಸುಮ್ಮನಿದ್ದು, ಆಮೇಲೆ ಹೊರಬರುತ್ತದೆ. ಬೆಳಕು ಕಂಡ ಮೇಲಿನ ಅದರ ಆಯುಷ್ಯ ಕೆಲವೇ ವಾರ.

ಪದಚಿಂತಕ

ವಿಷಯಕ್ಕೆ ಹೋಗುವ ಮೊದಲು ಹೆಸರನ್ನು ತೀರ್ಮಾನಿಸೋಣ. ಕನ್ನಡದಲ್ಲಿ ದುಂಬಿ ಎಂದರೆ ಹೂವಿನಿಂದ ಹೂವಿಗೆ ಝೇಂಕರಿಸುತ್ತ ಹಾರುವ ಭ್ರಮರ. ಕಾವ್ಯದ ಉದ್ದಕ್ಕೂ ಇರುವ ಅರ್ಥ ಅದೇ. ಗಟ್ಟಿ ಮೇಲ್ರೆಕ್ಕೆಯ ಈ ಕೀಟವನ್ನು ಜೀರುಂಡೆ ಎನ್ನಬೇಕು.

ಕೀಟಪೆಟ್ಟಿಗೆ

ಮಲೆನಾಡಿನವರನ್ನು ಕೇಳಿ ನೋಡಿ, ಜೀರುಂಡೆ ಎಂದರೆ ಮರದ ಮೇಲೆ ಕಿವಿ ಕಿವುಡಾಗುವಂತೆ ಕೂಗುವ ಕೀಟವನ್ನು ತೋರಿಸುತ್ತಾರೆ. ಕೃಷಿ ಇಲಾಖೆಯ ಕರಪತ್ರಗಳಲ್ಲಿ ಗಟ್ಟಿ ಮೇಲ್ರೆಕ್ಕೆಯ ಕೀಟಗಳನ್ನು ದುಂಬಿ ಎಂದೇ ಬರೆಯುತ್ತಾರೆ. ನಾನು ಕರಪತ್ರ ಓದಿ ಬೆಳೆದವನು.

ಪದಚಿಂತಕ

ಇರಲಿ, ಇನ್ನೊಂದು ಮಾತು ಹೇಳಿ ಸುಮ್ಮನಾಗುತ್ತೇನೆ. ನಾವು ಕಂಬಳಿಹುಳು ಎಂದು ಕರೆಯುವುದು ಎಲೆ ತಿನ್ನುವ ಪತಂಗದ ಮರಿಯನ್ನು. ಅದು ಕಂಬಳಿ ಹೊದ್ದಂತೆ ಕಾಣುತ್ತದೆಯೇ ಹೊರತು ಕಂಬಳಿಯ ತಂಟೆಗೆ ಬಂದದ್ದಿಲ್ಲ. ಕಂಬಳಿಯನ್ನು ನಿಜವಾಗಿ ತಿನ್ನುವ ಈ ಪುಟ್ಟ ಹುಳುವಿಗೆ ನಮ್ಮಲ್ಲಿ ಅಂಥ ಹೆಸರಿಲ್ಲ. ಹೆಸರನ್ನು ಹಂಚಿದವರು ವೇಷ ನೋಡಿ ಹಂಚಿದ್ದಾರೆ.

ಮಲ್ಲೇಶ್ವರದ ಅಜ್ಜಿ

ಹೆಸರಿಲ್ಲದೆ ಏನಪ್ಪಾ, ನಾವು ಅದನ್ನು ನುಸಿ ಎನ್ನುತ್ತಿದ್ದೆವು. ಅದಕ್ಕೇ ಅಲ್ಲವೇ ನುಸಿಗುಳಿಗೆ ಎಂಬ ಮಾತು ಬಂದದ್ದು? ನಮ್ಮ ಅತ್ತೆಯವರು ವರ್ಷಕ್ಕೆರಡು ಸಲ ಟ್ರಂಕ್ ಖಾಲಿ ಮಾಡಿ, ಪ್ರತಿ ಸೀರೆಯನ್ನೂ ಕೊಡವಿ, ಮಡಿಕೆ ಬದಲಿಸಿ, ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ, ನಡುವೆ ಲಾವಂಚದ ಬೇರು ಮತ್ತು ಒಣಗಿದ ಬಜೆ ಇಟ್ಟು ಮತ್ತೆ ಜೋಡಿಸುತ್ತಿದ್ದರು. ಅವರ ಮದುವೆಯ ಸೀರೆ ಇಂದಿಗೂ ನನ್ನ ಬಳಿ ಇದೆ, ಒಂದು ತೂತೂ ಇಲ್ಲ. ನೀವು ಆ ಸೀರೆಯನ್ನು ಕೊನೆಯ ಸಲ ಬಿಚ್ಚಿದ್ದು ಯಾವಾಗಮ್ಮಾ?

ಜಯನಗರದ ತಾರಸಿ

ಅಜ್ಜೀ, ನಾಚಿಕೆಯಾಗುತ್ತದೆ. 2019ರಲ್ಲಿ ಅಮ್ಮನೇ ಉಟ್ಟು, ಊಟದ ಮನೆಯಿಂದ ಬಂದು, ಹಾಗೆಯೇ ಮಡಿಸಿ ಇಟ್ಟದ್ದು. ತೂತುಗಳಿರುವ ಕಡೆ ಒಂದು ಹಳೆಯ ಕಲೆಯೂ ಇದೆ, ಪಾಯಸದ್ದಿರಬೇಕು.

ಕೀಟಪೆಟ್ಟಿಗೆ

ಆ ಕಲೆಯೇ ಹುಳುವನ್ನು ಕರೆದಿರಬೇಕು. ಬೆವರು, ಎಣ್ಣೆ, ಅನ್ನದ ಕಲೆ ಇರುವ ಜಾಗವನ್ನು ಈ ಹುಳುಗಳು ಮೊದಲು ಹಿಡಿಯುತ್ತವೆ. ಹತ್ತಿಯನ್ನು ಅವು ಜೀರ್ಣಿಸಿಕೊಳ್ಳಲಾರವು. ಆದರೂ ಕಲೆಯಿದ್ದರೆ ಹತ್ತಿಯನ್ನೂ ಕಚ್ಚಿಹಾಕುತ್ತವೆ.

ಶ್ರುತಿಪೆಟ್ಟಿಗೆ

ಈಗ ಅರ್ಥವಾಯಿತು. ನಮ್ಮ ಹಾರ್ಮೋನಿಯಂನ ಒಳಗೆ ಸ್ವರಪಟ್ಟಿಗಳ ಕೆಳಗಿನ ಉಣ್ಣೆಯ ಪಟ್ಟಿಯನ್ನು ಯಾರೋ ಕತ್ತರಿಸಿದ ಹಾಗಿತ್ತು. ರಿಪೇರಿಯವರು ಇಲಿ ಎಂದರು, ನಾನು ನಂಬಿದೆ. ಇಲಿಯ ಹಿಕ್ಕೆ ಎಲ್ಲಿಯೂ ಇರಲಿಲ್ಲ, ರೋಮದ ಪೊರೆಗಳು ಮಾತ್ರ ಇದ್ದವು. ವಿಚಿತ್ರವೆಂದರೆ ಅದೇ ಕಪಾಟಿನಲ್ಲಿದ್ದ ಸನ್ಮಾನದ ಹದಿನಾಲ್ಕು ಶಾಲುಗಳಲ್ಲಿ ಒಂದನ್ನೂ ಮುಟ್ಟಿಲ್ಲ.

ಹೆಬ್ಬಾಳ ಸೇತುವೆ

ಸನ್ಮಾನದ ಶಾಲಿನಲ್ಲಿ ಉಣ್ಣೆಯ ಎಳೆ ಒಂದಾದರೂ ಇದ್ದರೆ ತಾನೆ ಮುಟ್ಟುವುದು. ಸಮಿತಿಯವರಿಗಿಂತ ಹುಳುವಿಗೆ ಬಟ್ಟೆಯ ಗುಣ ಚೆನ್ನಾಗಿ ಗೊತ್ತು.

ರಾಮನಗರ ಗೂಡು

ನಮ್ಮ ಮನೆತನ ಮೂರು ತಲೆಮಾರಿನಿಂದ ಬಿಚ್ಚಾಣಿಕೆ, ಅಂದರೆ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಕೆಲಸ ಮಾಡುತ್ತಿದೆ, ಈಗ ನಾನು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದೇನೆ. ಈ ಕುಟುಂಬದ ಹುಳುಗಳು ಸೀರೆಯಾಗುವುದಕ್ಕೂ ಮೊದಲೇ ರೇಷ್ಮೆಗೆ ಬೀಳುತ್ತವೆ. ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಪತಂಗ ಹೊರಬಂದ ಮೇಲೆ ಉಳಿಯುವ ತೂತುಗೂಡುಗಳಿಗೂ, ಬಿಸಿ ಕೊಟ್ಟು ಒಣಗಿಸಿ ಬಹಳ ದಿನ ಇಟ್ಟ ಗೂಡುಗಳಿಗೂ ಅವು ಮುತ್ತುತ್ತವೆ. ಅವಕ್ಕೆ ಮುಖ್ಯವಾಗಿ ಬೇಕಾದದ್ದು ಗೂಡಿನೊಳಗೆ ಒಣಗಿದ ಕೋಶ, ಅಂದರೆ ಪತಂಗವಾಗುವ ಮೊದಲಿನ ಹುಳು. ಅದನ್ನು ತಲುಪಲು ಗೂಡನ್ನು ಕೊರೆಯುತ್ತವೆ. ಗೂಡಿನ ನೂಲು ಒಂದೇ ಉದ್ದನೆಯ ಎಳೆಯಾದ್ದರಿಂದ ಒಂದು ಕಡೆ ತೂತು ಬಿದ್ದರೆ ನೂರಾರು ಕಡೆ ತುಂಡಾದಂತೆ, ಅಂಥದ್ದು ಬಿಚ್ಚಾಣಿಕೆಗೆ ಬರುವುದಿಲ್ಲ. ರೇಷ್ಮೆ ಹುಳುವನ್ನು ಕಾಡುವ ಊಜಿ ನೊಣದ ಹೆಸರು ಎಲ್ಲರಿಗೂ ಗೊತ್ತು, ಇದರ ಹೆಸರನ್ನು ಯಾರೂ ಎತ್ತುವುದಿಲ್ಲ.

ನಸರಿ ಪ್ರೇಮಿ

ಇಷ್ಟೆಲ್ಲ ಹಾನಿ ಮಾಡುವ ಹುಳುವನ್ನು ಹೂವಿನ ಮೇಲೆ ಸಿಕ್ಕಾಗಲೇ ಕೊಲ್ಲುವುದರಲ್ಲಿ ತಪ್ಪೇನಿದೆ? ಪರಾಗಸ್ಪರ್ಶದ ಕೆಲಸ ಜೇನಿನದು. ನಮ್ಮ ತಾರಸಿಯ ಕೊತ್ತಂಬರಿಗೆ ಕೋಲುಜೇನು, ತುಡುವೆ, ನಸರಿ ಮೂರೂ ಬರುತ್ತವೆ. ಈ ದುಂಬಿ ಒಂದೇ ಗೊಂಚಲಿನ ಮೇಲೆ ಗಂಟೆಗಟ್ಟಲೆ ಕುಳಿತು ಪರಾಗ ಮೇಯುತ್ತದೆ, ಅಷ್ಟೇ.

ಕೀಟಪೆಟ್ಟಿಗೆ

ನಸರಿಯವರೇ, ಕೊತ್ತಂಬರಿಯ ಕಾಳು ಕಟ್ಟುವುದರಲ್ಲಿ ಜೇನಿನ ಪಾಲೇ ದೊಡ್ಡದು ಎಂಬುದನ್ನು ಒಪ್ಪುತ್ತೇನೆ. ಈ ದುಂಬಿಯನ್ನು ಜೇನಿನ ಸಮಕ್ಕೆ ಕೂರಿಸುವ ಉದ್ದೇಶ ನನಗಿಲ್ಲ. ಆದರೆ ಅದು ಸಬ್ಬಸಿಗೆ, ಕೊತ್ತಂಬರಿ, ಗಜ್ಜರಿಗಳಂಥ ಛತ್ರಿಯಾಕಾರದ ಹೂಗೊಂಚಲುಗಳನ್ನೇ ಏಕೆ ಆರಿಸಿಕೊಳ್ಳುತ್ತದೆ ಎಂಬುದನ್ನು ನೋಡಿ. ಈ ಹೂಗಳಿಗೆ ಕೊಳವೆಯಿಲ್ಲ, ಮಕರಂದ ಬಟ್ಟಲಿನಲ್ಲಿಟ್ಟಂತೆ ಮೇಲೆಯೇ ಇರುತ್ತದೆ, ಉದ್ದ ನಾಲಿಗೆಯಿಲ್ಲದ ಗಿಡ್ಡ ಬಾಯಿಯ ಕೀಟಕ್ಕೂ ಎಟುಕುತ್ತದೆ. ಹೀಗೆ ಯಾರು ಬಂದರೂ ಊಟ ಹಾಕುವ ಹೂವಿಗೆ ಜೇನು, ನೊಣ, ಕಣಜ, ದುಂಬಿ ಎಲ್ಲವೂ ಬರುತ್ತವೆ, ಎಲ್ಲವೂ ಸ್ವಲ್ಪ ಸ್ವಲ್ಪ ಪರಾಗವನ್ನು ಹೊತ್ತೊಯ್ಯುತ್ತವೆ. ಆಂತ್ರೀನಸ್ ಸಾಗಿಸುವುದು ಸ್ವಲ್ಪವೇ.

ದುಂಬಿಗಳನ್ನು ಒಟ್ಟಾಗಿ ನೋಡಿದರೆ ಮಾತ್ರ ಲೆಕ್ಕ ಬೇರೆ. ಮ್ಯಾನ್ಮಾರಿನ ಅಂಬರಿನಲ್ಲಿ (ಕಲ್ಲಾದ ಮರದ ಅಂಟಿನಲ್ಲಿ) ಸಿಕ್ಕಿ, 2019ರಲ್ಲಿ ವರದಿಯಾದ ಒಂದು ದುಂಬಿಯ ಮೈಗೆ ಹೂವಿನ ಪರಾಗದ ಕಣಗಳು ಅಂಟಿಕೊಂಡೇ ಇದ್ದವು. ಅದರ ವಯಸ್ಸು ಸುಮಾರು 9.9 ಕೋಟಿ ವರ್ಷ. ಸಂಪಿಗೆಯ ಕುಟುಂಬದ ಹೂಗಳ ದಪ್ಪ ಎಸಳುಗಳು ದುಂಬಿಯ ಒರಟು ಓಡಾಟವನ್ನು ತಡೆದುಕೊಳ್ಳುತ್ತವೆ. ಸೀತಾಫಲದ ಹೂವು ಮೊದಲು ಹೆಣ್ಣಾಗಿ, ಆಮೇಲೆ ಗಂಡಾಗಿ ತೆರೆದುಕೊಳ್ಳುತ್ತದೆ, ಅದರ ಪರಾಗವನ್ನು ಹೂವಿನಿಂದ ಹೂವಿಗೆ ಒಯ್ಯುವುದು ಬೇರೊಂದು ಕುಟುಂಬದ ಪುಟ್ಟ ದುಂಬಿಗಳು. ಹಾಗಾಗಿ "ಪರಾಗಸ್ಪರ್ಶದ ಕೆಲಸ ಜೇನಿನದು" ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ.

ನಸರಿ ಪ್ರೇಮಿ

ಸೀತಾಫಲದ ಮಾತು ಒಪ್ಪಿದೆ. ಆದರೆ ಇದು ಆ ದುಂಬಿಯಲ್ಲವಲ್ಲ. ನೆಂಟನ ಪುಣ್ಯದಿಂದ ಇವನನ್ನು ಬಿಡುಗಡೆ ಮಾಡುತ್ತಿದ್ದೀರಿ.

ಕೀಟಪೆಟ್ಟಿಗೆ

ಬಿಡುಗಡೆ ಮಾಡುವುದಾದರೆ ಪರಾಗದ ಲೆಕ್ಕದಲ್ಲಿ ಅಲ್ಲ, ಕಸದ ಲೆಕ್ಕದಲ್ಲಿ ಮಾಡುತ್ತೇನೆ. ಕೂದಲು, ಗರಿ, ಉಗುರು, ಕೊಂಬು ಇವೆಲ್ಲ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದವು. ಅದರ ಎಳೆಗಳನ್ನು ಗಂಧಕದ ಬೆಸುಗೆಗಳು ಅಡ್ಡಡ್ಡ ಬಿಗಿದಿರುವುದರಿಂದ ಅದನ್ನು ಜೀರ್ಣಿಸಿಕೊಳ್ಳುವ ಪ್ರಾಣಿಗಳು ಬಹಳ ಕಡಿಮೆ. ನಾಯಿ, ಕಾಗೆ, ಇರುವೆ ಎಲ್ಲವೂ ಮಾಂಸ ಮುಗಿಸಿ ಹೋದ ಮೇಲೆ ಉಳಿಯುವ ಒಣ ಚರ್ಮ, ಗರಿ, ಕೂದಲುಗಳನ್ನು ತಿಂದು ಮುಗಿಸುವುದು ಈ ಕುಟುಂಬದ ಮರಿಹುಳುಗಳು ಮತ್ತು ಬಟ್ಟೆ ಪತಂಗದ ಮರಿಗಳು. ಇದೇ ಕುಟುಂಬದ ಡರ್ಮೆಸ್ಟಿಸ್ ಎಂಬ ದೊಡ್ಡ ದುಂಬಿಯನ್ನು ವಸ್ತುಸಂಗ್ರಹಾಲಯಗಳಲ್ಲಿ ಬೇಕೆಂದೇ ಸಾಕಿ, ಪ್ರಾಣಿಗಳ ಅಸ್ಥಿಪಂಜರದಿಂದ ಮಾಂಸ ಬಿಡಿಸಲು ಬಳಸುತ್ತಾರೆ. ಕಾಡಿನಲ್ಲಿ ಇದನ್ನು ಜಾಡಮಾಲಿ ಎನ್ನುತ್ತೇವೆ, ಬೀರುವಿನೊಳಗೆ ಕಳ್ಳ ಎನ್ನುತ್ತೇವೆ. ಹುಳು ಎರಡೂ ಕಡೆ ಮಾಡುವುದು ಒಂದೇ ಕೆಲಸವನ್ನು.

ರಾಮನಗರ ಗೂಡು

ಒಂದು ತಿದ್ದುಪಡಿ. ರೇಷ್ಮೆ ಕೆರಾಟಿನ್ ಅಲ್ಲ, ಫೈಬ್ರಾಯಿನ್. ಗೂಡಿನಲ್ಲಿ ಅದರ ಮೇಲೆ ಸೆರಿಸಿನ್ ಎಂಬ ಅಂಟು ಇರುತ್ತದೆ. ಸೀರೆಯ ನೂಲಿನಿಂದ ಆ ಅಂಟನ್ನು ಬೇಯಿಸಿ ತೆಗೆದಿರುತ್ತಾರೆ.

ಕೀಟಪೆಟ್ಟಿಗೆ

ಸರಿಯಾದ ಮಾತು, ಒಪ್ಪಿಕೊಂಡೆ.

ಜಯನಗರದ ತಾರಸಿ

ಹಾಗಾದರೆ ತಾರಸಿಯ ದುಂಬಿಗಳು ಮಹಡಿ ಇಳಿದು ಬಂದು ಸೀರೆಯಲ್ಲಿ ಮೊಟ್ಟೆಯಿಟ್ಟವೇ, ಅಥವಾ ಸೀರೆಯಲ್ಲಿ ಹುಟ್ಟಿದವು ತಾರಸಿಗೆ ಹೋದವೇ? ನನಗೆ ತೀರ್ಮಾನ ಬೇಕಾಗಿರುವುದು ಇದೊಂದೇ ವಿಷಯದಲ್ಲಿ.

ಕಿಟಕಿ ದಿನಚರಿ

ನಾನು ನಾಲ್ಕು ವರ್ಷಗಳಿಂದ ನನ್ನ ಬಸವನಗುಡಿ ಮನೆಯ ಕಿಟಕಿಯ ಪಟ್ಟಿಯ ಮೇಲೆ ಸತ್ತು ಬೀಳುವ ಕೀಟಗಳನ್ನು ಬರೆದಿಡುತ್ತಿದ್ದೇನೆ, ಮನೆಯವರು ನಗುತ್ತಾರೆ. ಈ ದುಂಬಿಗಳು ನನ್ನ ಪುಸ್ತಕದಲ್ಲಿ ಹೆಚ್ಚಾಗಿ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ, ಯಾವಾಗಲೂ ಗಾಜಿನ ಒಳಬದಿಯಲ್ಲಿ ಇವೆ. ಮರಿ ಬೆಳಕಿಗೆ ಹೆದರಿ ಓಡುತ್ತದೆ, ಬೆಳೆದ ದುಂಬಿ ಮೊಟ್ಟೆಯಿಟ್ಟ ಮೇಲೆ ಬೆಳಕನ್ನೇ ಹುಡುಕಿಕೊಂಡು ಬರುತ್ತದೆ. ಅಂದರೆ ಕಿಟಕಿಯ ಒಳಬದಿಯಲ್ಲಿ ಬಿದ್ದಿರುವ ದುಂಬಿ ಒಳಗೇ ಹುಟ್ಟಿ, ಮೊಟ್ಟೆಯಿಟ್ಟಿದ್ದರೆ ಇಟ್ಟು, ಹೂವಿಗೆ ಹೊರಟಿದ್ದು ಗಾಜಿನಲ್ಲಿ ಸಿಕ್ಕಿಬಿದ್ದಿದೆ. ನಿಮ್ಮ ಕಿಟಕಿಗಳ ಮೂಲೆಯನ್ನು ಒಮ್ಮೆ ನೋಡಿ, ಉತ್ತರ ಅಲ್ಲಿರುತ್ತದೆ.

ಇನ್ನೊಂದು ಸೋಜಿಗವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇದರ ಒಂದು ಪ್ರಭೇದವಾದ ಆಂತ್ರೀನಸ್ ವರ್ಬಾಸ್ಕಿಯ ಮರಿಗಳನ್ನು 1950ರ ದಶಕದ ಕೊನೆಯಲ್ಲಿ ಬ್ಲೇಕ್ ಎಂಬ ವಿಜ್ಞಾನಿ ಋತುಗಳ ಸುಳಿವೇ ಸಿಗದಂಥ ಸ್ಥಿತಿಯಲ್ಲಿ ಬೆಳೆಸಿದರು. ಆದರೂ ಅವು ಮನಸ್ಸಿಗೆ ಬಂದಾಗ ಕೋಶಾವಸ್ಥೆಗೆ ಹೋಗದೆ, ಒಳಗೊಂದು ಪಂಚಾಂಗವಿದ್ದಂತೆ ನಿಯತವಾದ ಅಂತರಗಳಲ್ಲಿ ಹೋದವು. ಮುಂದೆ ಜಪಾನಿನಲ್ಲಿ ನಡೆದ ಪ್ರಯೋಗಗಳಲ್ಲಿ ಆ ಅಂತರ ಸುಮಾರು 40 ವಾರಗಳೆಂದು ಕಂಡಿತು. ಹೊರಗಿನ ಹಗಲಿನ ಉದ್ದವು ಆ ಗಡಿಯಾರವನ್ನು ವರ್ಷಕ್ಕೆ ಸರಿಹೊಂದಿಸುತ್ತದೆ. ಹಾಗಾಗಿಯೇ ಕತ್ತಲಲ್ಲಿ ಬೇರೆ ಬೇರೆ ಕಡೆ ಬೆಳೆದ ಹುಳುಗಳು ಹೂವಿನ ಕಾಲಕ್ಕೆ ಒಟ್ಟಿಗೆ ಹೊರಬರುತ್ತವೆ.

ಹೆಬ್ಬಾಳ ಸೇತುವೆ

ಬೆಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಅಷ್ಟರಲ್ಲಿ ಹುಳು ಪಂಚಾಂಗ ನೋಡುತ್ತದೆ ಎಂದರೆ ನಂಬಲು ಸ್ವಲ್ಪ ಕಷ್ಟ.

ಕಿಟಕಿ ದಿನಚರಿ

ನಾನು ಹೇಳಿದ್ದು ಹೊರದೇಶದ ಪ್ರಯೋಗದ ಸಂಗತಿ, ಇಲ್ಲಿನದೆಂದು ಹೇಳಿಕೊಂಡದ್ದು ನನ್ನ ಕಿಟಕಿಯ ಲೆಕ್ಕವನ್ನು ಮಾತ್ರ. ಎರಡನ್ನೂ ಸೇರಿಸಿ ಹೊಲಿದವರು ನೀವು.

ಕೀಟಪೆಟ್ಟಿಗೆ

ಜಯನಗರದವರೇ, ದಾರಿ ಎರಡೂ ಕಡೆಯಿಂದ ಇದೆ. ಒಳಗೆ ಹುಟ್ಟಿದ ಹೆಣ್ಣು ಹೂವನ್ನೇ ಕಾಣದೆ ಕೂಡಿ ಮೊಟ್ಟೆಯಿಡಬಲ್ಲದು. ಹೊರಗಿನ ದುಂಬಿಯೂ ತೆರೆದ ಕಿಟಕಿಯಿಂದಲೋ, ಹಬ್ಬಕ್ಕೆ ಮಾರುಕಟ್ಟೆಯಿಂದ ತಂದ ಸೇವಂತಿಗೆಯ ಮಾಲೆಯೊಳಗೆ ಕುಳಿತೋ ಮನೆಗೆ ಬರಬಲ್ಲದು. ಆದರೆ ಬಂದ ದುಂಬಿ ನೆಲೆಸಬೇಕಾದರೆ ಮರಿಗಳಿಗೆ ಮೇವು ಬೇಕು. ಸಬ್ಬಸಿಗೆ ಹೂವಿನಲ್ಲಿ ಮರಿಯ ಮೇವಿಲ್ಲ. ತಾರಸಿಗೆ ಎಷ್ಟು ಔಷಧಿ ಹೊಡೆದರೂ ಬೀರುವಿನೊಳಗಿನ ಒಂದು ಮರಿಯೂ ಸಾಯುವುದಿಲ್ಲ. ಸಾಯುವವು ಕೋಲುಜೇನು, ಕೊತ್ತಂಬರಿಯ ಹೇನು ತಿನ್ನಲು ಬರುವ ಗುಲಗಂಜಿ ಹುಳು, ಹೂನೊಣ.

ವಿದ್ಯಾರ್ಥಿಯಾಗಿದ್ದಾಗ ನಾನೇ ಪೆಟ್ಟು ತಿಂದಿದ್ದೇನೆ. ಕೃಷಿ ಪದವಿಯಲ್ಲಿ ಕೀಟ ಸಂಗ್ರಹ ಮಾಡಿ ಒಪ್ಪಿಸಬೇಕಿತ್ತು. ಒಂದು ವರ್ಷ ಅಲೆದು, ಗುಂಡುಸೂಜಿಗೆ ಸಿಕ್ಕಿಸಿ, ಹೆಸರಿನ ಚೀಟಿ ಅಂಟಿಸಿ, ಪೆಟ್ಟಿಗೆಯನ್ನು ಹಾಸ್ಟೆಲಿನ ಮಂಚದ ಕೆಳಗಿಟ್ಟು ಬೇಸಿಗೆ ರಜೆಗೆ ಊರಿಗೆ ಹೋದೆ. ಬಂದು ಮುಚ್ಚಳ ತೆಗೆದರೆ ಪ್ರತಿ ಸೂಜಿಯ ಬುಡದಲ್ಲಿಯೂ ಕಾಫಿಪುಡಿಯಂಥ ಒಂದು ಸಣ್ಣ ಗುಡ್ಡೆ. ಚಿಟ್ಟೆಯ ಎರಡು ರೆಕ್ಕೆಗಳು ಚೀಟಿಯ ಮೇಲೆ ಬಿದ್ದಿದ್ದವು, ನಡುವಿನ ಮೈ ಇರಲಿಲ್ಲ. ಹೆಜ್ಜೇನಿನ ಹೊಟ್ಟೆಯೊಳಗಿಂದ ಒಂದು ರೋಮದ ಹುಳು ಬಾಲದ ಕಡೆಯಿಂದ ಹೊರಗೆ ಬರುತ್ತಿತ್ತು. ಈ ಕುಲದ ಒಂದು ಪ್ರಭೇದಕ್ಕೆ ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1761ರಲ್ಲಿಯೇ ವಸ್ತುಸಂಗ್ರಹಾಲಯದ ಹೆಸರಿಟ್ಟು ಮ್ಯೂಸಿಯೋರಮ್ ಎಂದು ಏಕೆ ಕರೆದನೆಂಬುದು ನನಗೆ ಪಾಠದಿಂದಲ್ಲ, ಆ ಪೆಟ್ಟಿಗೆಯಿಂದ ತಿಳಿಯಿತು.

ಏಳನೇ ಮಹಡಿ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೂರು ಮನೆಗಳಲ್ಲಿ ಇದೇ ಹುಳು ಕಾಣಿಸಿತು. ಮೂರೂ ಮನೆಗಳು ಒಂದೇ ಡಕ್ಟಿನ ಸುತ್ತ ಇದ್ದವು. ಡಕ್ಟಿನ ಬಾಗಿಲು ತೆಗೆಸಿದಾಗ ಪಾರಿವಾಳದ ಹಳೆಯ ಗೂಡುಗಳು ಒಂದರ ಮೇಲೊಂದು ಮೊಣಕಾಲುದ್ದ ಬೆಳೆದಿದ್ದವು. ಗರಿ, ಹಿಕ್ಕೆ, ಒಣಗಿದ ಮರಿಗಳು, ಅವುಗಳ ನಡುವೆ ಈ ರೋಮದ ಹುಳುಗಳ ಸಂತೆ. ಅದನ್ನು ತೆಗೆಸಿ ಬಲೆ ಹಾಕಿಸಿದ ಮೇಲೆ ಮನೆಯೊಳಗಿನ ಹಾವಳಿ ತಾನಾಗಿ ತಗ್ಗಿತು. ನಿಮ್ಮ ಬೀರು ಇರುವ ಗೋಡೆಯ ಆಚೆ ಏನಿದೆ?

ಬಿಳಿ ಕೋಟು

ಪಾರಿವಾಳದ ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ. ನೀರು ಚಿಮುಕಿಸಿ, ಮುಖಗವಸು ಹಾಕಿಕೊಂಡು ತೆಗೆಯಿರಿ; ಅದರ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಇನ್ನೊಂದು ಮಾತು, ಕೆಲವರು ರಾತ್ರಿ ಮೈಮೇಲೆ ಗುಳ್ಳೆ ಎದ್ದಿದೆ, ತಿಗಣೆ ಇರಬೇಕು ಎಂದು ಬರುತ್ತಾರೆ. ಹಾಸಿಗೆಯಲ್ಲಿ ತಿಗಣೆ ಸಿಗುವುದಿಲ್ಲ. ಈ ಮರಿಹುಳುವಿನ ರೋಮಗಳ ತುದಿ ಭರ್ಜಿಯ ಮೊನೆಯಂತಿದ್ದು ಸುಲಭವಾಗಿ ಉದುರುತ್ತವೆ, ಕೆಲವರ ಚರ್ಮಕ್ಕೆ ಅವು ಒಗ್ಗುವುದಿಲ್ಲ. ಹುಳು ಕಚ್ಚುವುದಿಲ್ಲ. ನುಸಿಗುಳಿಗೆಯ ಬಗ್ಗೆಯೂ ಎಚ್ಚರವಿರಲಿ, ಆ ಗುಳಿಗೆಗಳೊಂದಿಗೆ ಇಟ್ಟಿದ್ದ ಬಟ್ಟೆಯನ್ನು ಒಗೆಯದೆ ಎಳೆಯ ಕೂಸಿಗೆ ಹೊದಿಸಬಾರದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಆ ಗುಳಿಗೆಯ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಕೀಟಪೆಟ್ಟಿಗೆ

ಆ ಭರ್ಜಿ ರೋಮಗಳ ಕೆಲಸ ವೈರಿಯನ್ನು ಸಿಕ್ಕಿಸುವುದು. ಮರಿಯನ್ನು ಕೆಣಕಿದರೆ ಬಾಲದ ಬಳಿಯ ಕುಚ್ಚುಗಳನ್ನು ಬೀಸಣಿಗೆಯಂತೆ ಅರಳಿಸುತ್ತದೆ. ಇರುವೆ ಮುಟ್ಟಿದರೆ ರೋಮಗಳು ಕಳಚಿ ಅದರ ಕಾಲು ಬಾಯಿಗಳಿಗೆ ತೊಡರಿಕೊಳ್ಳುತ್ತವೆ. ಇದನ್ನೂ ಗೆಲ್ಲುವ ಜೀವಿಯಿದೆ. ಲೇಲಿಯಸ್ ಎಂಬ ಪುಟ್ಟ ಕಣಜ ಮರಿಯನ್ನು ಕುಟುಕಿ ಮಂಕು ಹಿಡಿಸಿ, ಮೊಟ್ಟೆಯಿಡುವ ಜಾಗದ ರೋಮವನ್ನು ಮೊದಲು ಕಿತ್ತು ಚೊಕ್ಕ ಮಾಡಿಕೊಳ್ಳುತ್ತದೆ.

ಶ್ರುತಿಪೆಟ್ಟಿಗೆ

ನಮ್ಮ ಗೋಡೆಗಳ ಮೇಲೆ ಸೌತೆ ಬೀಜದಂಥ ಚಪ್ಪಟೆ ಚೀಲ ಹೊತ್ತು ನಡೆಯುವ ಹುಳುಗಳಿವೆ. ಅವೂ ಇವುಗಳ ಮರಿಗಳೇ?

ಕೀಟಪೆಟ್ಟಿಗೆ

ಅಲ್ಲ. ಅದು ಪತಂಗದ ಮರಿ, ಧೂಳು ಮರಳುಗಳನ್ನು ತನ್ನ ನೂಲಿನಿಂದ ಹೆಣೆದು ಚೀಲ ಮಾಡಿಕೊಳ್ಳುತ್ತದೆ. ಈ ದುಂಬಿಯ ಮರಿ ಚೀಲ ಹೊರುವುದಿಲ್ಲ, ಜಾಳಿಗೆಯನ್ನೂ ನೇಯುವುದಿಲ್ಲ.

ಜಯನಗರದ ತಾರಸಿ

ಎಲ್ಲರ ಮಾತು ಕೇಳಿ ಮಂಗಳವಾರವೇ ಕೆಲಸಕ್ಕೆ ಇಳಿದೆ. ಮೊದಲು ಕಿಟಕಿ. ಬೀರು ಇರುವ ಕೋಣೆಯ ಕಿಟಕಿಯ ಒಳಮೂಲೆಯಲ್ಲಿ ಸತ್ತ ದುಂಬಿಗಳು ಹನ್ನೊಂದು ಸಿಕ್ಕವು. ಬೇರೆ ಯಾವ ಕೋಣೆಯಲ್ಲಿಯೂ ಇಲ್ಲ. ಕಿಟಕಿಯ ಹೊರಗಿನ ಸಜ್ಜಾದ ಮೇಲೆ, ಏಸಿ ಯಂತ್ರದ ಕೆಳಗೆ, ನಾವು ಯಾರೂ ಬಗ್ಗಿ ನೋಡದ ಜಾಗದಲ್ಲಿ ಪಾರಿವಾಳದ ಗೂಡು. ಮೇಲೆ ಹೊಸ ಕಡ್ಡಿಗಳು, ಕೆಳಗೆ ಗರಿಗಳ ಮೆತ್ತೆ, ಅದರಡಿ ಚಪ್ಪಟೆಯಾಗಿ ಒಣಗಿದ ಒಂದು ಮರಿ. ಕಡ್ಡಿಯಿಂದ ಗರಿ ಎತ್ತಿದಾಗ ಅದೇ ಕಂದು ಪಟ್ಟೆಯ ಹುಳುಗಳು ಬೆಳಕಿಗೆ ಬೆನ್ನು ಮಾಡಿ ಒಳಸರಿದವು. ಏಸಿಯ ಕೊಳವೆಗೆಂದು ಗೋಡೆಯಲ್ಲಿ ಕೊರೆದ ತೂತನ್ನು ಯಾರೂ ಮುಚ್ಚಿರಲಿಲ್ಲ, ಅದು ನೇರವಾಗಿ ಬೀರುವಿನ ಬೆನ್ನಿಗೆ ತೆರೆದುಕೊಳ್ಳುತ್ತದೆ.

ಆಮೇಲೆ ತಾರಸಿಗೆ ಹೋಗಿ, ಬಿಳಿ ಕಾಗದ ಹಿಡಿದು ಸಬ್ಬಸಿಗೆಯ ಗೊಂಚಲನ್ನು ಮೆಲ್ಲಗೆ ತಟ್ಟಿದೆ. ಮೂರು ದುಂಬಿಗಳು ಬಿದ್ದವು. ಬಿದ್ದ ಕೂಡಲೇ ಕಾಲು, ಕುಡಿಮೀಸೆಗಳನ್ನು ಹೊಟ್ಟೆಯ ಕೆಳಗಿನ ಗೆರೆಗಳಲ್ಲಿ ಮಡಚಿಟ್ಟುಕೊಂಡು ಕಾಳುಗಳಂತೆ ಉರುಳಿದವು. ಮಗನ ಭೂತಗನ್ನಡಿಯಲ್ಲಿ ನೋಡಿದರೆ ಹೊಟ್ಟೆಯ ಕಡೆ ಬೂದಿ ಬಳಿದಂತೆ ಬಿಳುಪು, ಬೆನ್ನಿನ ಮೇಲೆ ಹಳದಿ ಕಂದು ಶಲ್ಕಗಳ ನಡುವೆ ಸಬ್ಬಸಿಗೆಯ ಪರಾಗದ ಪುಡಿ ಸಿಕ್ಕಿಕೊಂಡಿತ್ತು. ಸ್ವಲ್ಪ ಹೊತ್ತಿಗೆ ಒಂದು ಕಾಲು ಹೊರಗೆ ಬಂತು, ಆಮೇಲೆ ಇನ್ನೊಂದು. ಮೊದಲ ದುಂಬಿ ಕಾಗದದ ಅಂಚಿಗೆ ನಡೆದು, ರೆಕ್ಕೆ ಬಿಚ್ಚಿ, ಮತ್ತೆ ಅದೇ ಗೊಂಚಲಿಗೆ ಹೋಗಿ ಕುಳಿತಿತು.

ಬುಧವಾರದವರಿಗೆ ಬರುವುದು ಬೇಡವೆಂದು ಫೋನ್ ಮಾಡಿದ್ದೇನೆ. ಗೂಡಿನಲ್ಲಿ ಪಾರಿವಾಳದ ಮೊಟ್ಟೆಗಳಿರಲಿಲ್ಲ, ನೀರು ಚಿಮುಕಿಸಿ ತೆಗೆಸಿದೆವು, ಗೋಡೆಯ ತೂತಿಗೆ ಸಿಮೆಂಟ್ ಹಾಕಿಸಿದೆವು. ಇನ್ನು ಸೀರೆಗೆ ಏನು ಮಾಡಲಿ? ಬಿಸಿಲಿಗೆ ಹಾಕಿದರೆ ಸಾಕೇ?

ಮಲ್ಲೇಶ್ವರದ ಅಜ್ಜಿ

ರೇಷ್ಮೆಯನ್ನು ನೆತ್ತಿಯ ಬಿಸಿಲಿಗೆ ಹಾಕಬೇಡಮ್ಮಾ, ಬಣ್ಣ ಹೋಗುತ್ತದೆ. ಬೆಳಗಿನ ಎಳೆಬಿಸಿಲಿಗೆ, ಮೇಲೊಂದು ಪಂಚೆ ಹೊದಿಸಿ ಹರಡು.

ಕೀಟಪೆಟ್ಟಿಗೆ

ಎಳೆಬಿಸಿಲಿಗೆ ಹುಳು ಸಾಯುವುದಿಲ್ಲ, ಬೆಳಕಿಗೆ ಹೆದರಿ ಓಡುತ್ತದೆ. ಕೊಡವಿದಾಗ ಮೊಟ್ಟೆಗಳು ಉದುರುತ್ತವೆ. ಅಜ್ಜಿಯವರ ಪದ್ಧತಿಯಲ್ಲಿ ನಿಜವಾಗಿ ಕೆಲಸ ಮಾಡಿದ್ದು ವರ್ಷಕ್ಕೆರಡು ಸಲದ ಆ ಕೊಡವುವಿಕೆ. ಬಜೆ, ಲಾವಂಚಗಳು ಅದಕ್ಕೆ ಜೊತೆ. ಈಗ ಒಳಗಿರುವುದನ್ನು ಕೊಲ್ಲಬೇಕಾದರೆ ಸೀರೆಯನ್ನು ಪೂರ್ತಿ ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ, ಫ್ರಿಜ್ಜಿನ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ವಸ್ತುಸಂಗ್ರಹಾಲಯಗಳಲ್ಲಿಯೂ ಹೀಗೆಯೇ ಶೈತ್ಯದಲ್ಲಿಟ್ಟು ಹುಳು ಕೊಲ್ಲುತ್ತಾರೆ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತೇವ ಸೀರೆಯ ಮೇಲೆ ಕೂರುತ್ತದೆ. ನುಸಿಗುಳಿಗೆ ಹಾಕಲೇಬೇಕೆಂದರೆ ಅದರ ಆವಿ ನಿಲ್ಲುವಷ್ಟು ಬಿಗಿಯಾದ ಪೆಟ್ಟಿಗೆ ಬೇಕು. ಸಂದಿರುವ ಬೀರುವಿನಲ್ಲಿ ವಾಸನೆ ನಮಗೆ ಬರುತ್ತದೆಯೇ ಹೊರತು ಹುಳುವಿಗೆ ತಾಗುವುದಿಲ್ಲ.

ಮಲ್ಲೇಶ್ವರದ ಅಜ್ಜಿ

ಸೀರೆಯನ್ನು ಐಸ್‌ಕ್ರೀಮಿನ ಪಕ್ಕ ಇಡುವ ಕಾಲ ಬಂತು. ಆಗಲಿ, ಮೀನು ಮಾಂಸ ಇಲ್ಲದ ಫ್ರಿಜ್ ನೋಡಿ ಇಡು.

ನಸರಿ ಪ್ರೇಮಿ

ಔಷಧಿ ಹೊಡೆಸದ್ದಕ್ಕೆ ನನ್ನ ಜೇನುಗಳ ಪರವಾಗಿ ವಂದನೆ. ದುಂಬಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ, ಬೆನ್ನಿನ ಮೇಲೆ ನಾಲ್ಕು ಪರಾಗದ ಕಣ ಇದ್ದ ಮಾತ್ರಕ್ಕೆ ಅದು ಜೇನಾಗುವುದಿಲ್ಲ.

ಹೆಬ್ಬಾಳ ಸೇತುವೆ

ಪತಂಗದ ಮರಿ ಎಂದಿದ್ದ ನನ್ನ ಮೊದಲ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಹಣ ಕೀಳಲು ಎಂದದ್ದನ್ನು ಪಡೆಯುವುದಿಲ್ಲ.

ಏಳನೇ ಮಹಡಿ

ಸಜ್ಜಾಕ್ಕೆ ಬಲೆ ಹಾಕಿಸುವುದನ್ನು ಮರೆಯಬೇಡಿ. ಪಾರಿವಾಳ ಅದೇ ಜಾಗಕ್ಕೆ ಮತ್ತೆ ಬರುತ್ತದೆ.

ರಾಮನಗರ ಗೂಡು

ತೂತುಗಳು ಸಾಸಿವೆಯಷ್ಟೇ ಇದ್ದರೆ ಸೀರೆ ಉಳಿಯುತ್ತದೆ. ಅದೇ ಸೀರೆಯ ಒಳಸೆರಗಿನ ತುದಿಯಿಂದ ಎಳೆ ತೆಗೆದು ರಫೂ ಮಾಡುವವರು ಚಿಕ್ಕಪೇಟೆಯಲ್ಲಿ ಇನ್ನೂ ಇದ್ದಾರೆ. ಫ್ರೀಜರಿನಿಂದ ತೆಗೆದ ಮೇಲೆ ಕೊಡಿ, ಮೊದಲೇ ಕೊಟ್ಟರೆ ಅವರ ಅಂಗಡಿಗೂ ಹುಳು ಹೋಗುತ್ತದೆ.

ಜಯನಗರದ ತಾರಸಿ

ಇವತ್ತು ರಾತ್ರಿಯೇ ಫ್ರೀಜರಿಗೆ ಇಟ್ಟೆ. ನಿಶ್ಚಿತಾರ್ಥ ಹತ್ತೇ ದಿನದಲ್ಲಿದೆ, ಹಾಗಾಗಿ ಅದಕ್ಕೆ ಬೇರೆ ಸೀರೆ. ಮದುವೆ ಮಾರ್ಗಶಿರದಲ್ಲಿ, ಅಷ್ಟರೊಳಗೆ ರಫೂ ಆಗುತ್ತದೆಯೇ ಎಂದು ಕೇಳಬೇಕು.